ಕೈ ಒರೆಸುವ ಪೇಪರಿಗೆ ಕಾವಲು

ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಕೂತು ಉಸಿರು ಬಿಡೋಣ ಎನ್ನುವಷ್ಟರಲ್ಲಿ ಇಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಈ ವರ್ಷದ ಗ್ರಹಚಾರ, ಕೈ ಒರೆಸುವ ಪೇಪರು. ಶೌಚಾಲಯಗಳು ಬೇರೆ ಬೇರೆ ಇದ್ದರೂ ಹೊರಗಿನ ಬೇಸಿನ್ನು, ಪೇಪರ್ ಡಬ್ಬ, ಕಸದ ಬುಟ್ಟಿ ಎಲ್ಲರಿಗೂ ಒಂದೇ. ಮುದ್ದೆ ಊಟ ಮುಗಿಯಿತೆಂದರೆ ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲುತ್ತದೆ. ಹೆಡ್ ಆಫೀಸಿನ ದೊಡ್ಡ ಸಾಹೇಬರು ಬರುವ ದಿನವೂ ಹೀಗೇ ಇದ್ದರೆ ನನ್ನನ್ನು ವಾಪಸ್ ಲೋಡಿಂಗಿಗೆ ಹಾಕುತ್ತೇನೆ ಎಂದರು ಮ್ಯಾನೇಜರ್. ನನ್ನ ಸೊಂಟ ಹೋಗಿದ್ದೇ ಲೋಡಿಂಗಿನಲ್ಲಿ. ಮ್ಯಾನೇಜರ್ ಹಾಗೆಂದ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಸಕ್ಕರೆ ಇಲ್ಲದ ಟೀ

ಯಾರು ಎಷ್ಟು ಪೇಪರು ಎಳೆಯುತ್ತಾರೆಂದು ನೋಡಲು ಗಳಿಗೆಗೊಮ್ಮೆ ಶೌಚಾಲಯದ ಕಡೆ ಓಡುತ್ತಿದ್ದೆ. ಟೇಕಲ್ ಕಡೆಯ ಫಿಟ್ಟರ್ ಒಬ್ಬ ಇದನ್ನು ಗಮನಿಸುತ್ತಲೇ ಇದ್ದನಂತೆ. ಒಂದು ದಿನ ಪಕ್ಕಕ್ಕೆ ಕರೆದು, ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು ಎಂದು ನೇರಳೆ ಬೀಜದ ಪುಡಿ ಕೈಗಿಟ್ಟ. ಕಾಯಿಲೆ ಇಲ್ಲ ಕಣಯ್ಯ, ಪೇಪರ್ ಕಾಯ್ತಿದ್ದೀನಿ ಎಂದರೆ ನಂಬಲೇ ಇಲ್ಲ. ಸಂಜೆಯಿಂದ ಕ್ಯಾಂಟೀನಿನವನು ಕೇಳದೆಯೇ ನನಗೆ ಸಕ್ಕರೆ ಇಲ್ಲದ ಟೀ ಕೊಡತೊಡಗಿದ.

ಕೊಡವಿದರೆ ದರಿದ್ರ

ತೊಳೆದ ಕೈಯನ್ನು ಬೇಸಿನ್ನಿನೊಳಗೇ ಚೆನ್ನಾಗಿ ಕೊಡವಿದರೆ ಒಂದೇ ಪೇಪರು ಸಾಕು. ಊಟದ ಹೊತ್ತಿಗೆ ನಿಂತು ಎಲ್ಲರಿಗೂ ಕೊಡವಿ ತೋರಿಸಿದೆ. ಎಲ್ಲರೂ ಮುಖ ಗಂಟಿಕ್ಕಿಕೊಂಡರು. ಒದ್ದೆ ಕೈ ಕೊಡವಿದರೆ ಮನೆಗೆ ದರಿದ್ರ ಎಂದು ಚಿಕ್ಕಂದಿನಿಂದ ಬೈಸಿಕೊಂಡೇ ಬೆಳೆದವರು ನಾವು. ಮಗಳ ಮದುವೆ ಇಟ್ಕೊಂಡು ನಾನಂತೂ ಕೊಡವಲ್ಲ ಎಂದಳು ಪ್ಯಾಕಿಂಗಿನ ಮಾಸ್ತಿಯ ಹೆಂಗಸು. ನನಗೆ ರೇಗಿತು. ಇದೇನು ನಿನ್ನ ಮನೆಯಾ, ದರಿದ್ರ ಬಂದರೂ ಕಂಪನಿಗೆ ಬರುತ್ತೆ ಎಂದೆ. ಓವರ್‌ಟೈಮ್ ಸಿಗದವರೆಲ್ಲ ಸಾಲಾಗಿ ನಿಂತು ಕೊಡವಿದರು.

ಹುಳದ ಹಾಸಿಗೆ

ಬುಟ್ಟಿ ಇಳಿಯಿತು, ಆದರೆ ಡಬ್ಬ ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಮತ್ತೆ ತಳಮಳ. ಹುಡುಕಿದರೆ, ಹೋಳೂರಿನ ಆಪರೇಟರ್ ಒಬ್ಬನ ಊಟದ ಚೀಲದಲ್ಲಿ ಕಂತೆ ಪೇಪರು. ಮನೆಯಲ್ಲಿ ರೇಷ್ಮೆ ಹುಳ ಸಾಕಿದ್ದಾನೆ, ಮರಿಹುಳದ ತಟ್ಟೆಗೆ ಮಸಿ ಇಲ್ಲದ ಮೆತ್ತನೆ ಪೇಪರೇ ಬೇಕಂತೆ. ನಾಚಿಕೆ ಆಗಲ್ವಾ ಎಂದು ಬೈದೆ. ಅವನು ತಣ್ಣಗೆ ಹೇಳಿದ, "ಬುಟ್ಟಿ ತುಂಬಬಾರ್ದು ಅಂದೋರು ನೀವೇ ಅಲ್ವಾ ಸಾರ್?"

ಸಾಹೇಬರು ಬಂದರು

ಸಾಹೇಬರು ಬರುವ ದಿನ ಬೆಳಗ್ಗೆಯೇ ಮುಳಬಾಗಿಲಿನ ನಮ್ಮ ಕಸಗುಡಿಸುವ ಅಜ್ಜಿಯನ್ನು ಬೇಸಿನ್ನಿನ ಬಳಿ ನಿಲ್ಲಿಸಿ, ಯಾರೇ ಬರಲಿ, ಮೊದಲು ಕೊಡವಬೇಕು, ಆಮೇಲೆ ಒಂದೇ ಪೇಪರು ಎಂದು ತಾಕೀತು ಮಾಡಿದ್ದೆ. ಸಾಹೇಬರು ಯಾರೆಂದು ಹೇಳುವುದನ್ನು ಮರೆತಿದ್ದೆ.

ಬೋಂಡ ತಿಂದು ಬಂದರು ಸಾಹೇಬರು, ಹಿಂದೆ ಮ್ಯಾನೇಜರ್, ಅವರ ಹಿಂದೆ ನಾನು. ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಹೋದ ಜೀವ ಬಂತು. ಸಾಹೇಬರು ಕೈ ತೊಳೆದು ಡಬ್ಬಕ್ಕೆ ಕೈ ಚಾಚಿದರು. ಅಜ್ಜಿ ಅಡ್ಡ ನಿಂತಳು.

"ಮೊದ್ಲು ಕೊಡವು ಸಾಮಿ."

ಮ್ಯಾನೇಜರ್ ಬೈಯಲು ಬಾಯಿ ತೆರೆದು ಹತ್ತಿರ ಬಂದರು. ಅಷ್ಟರಲ್ಲಿ ಸಾಹೇಬರು ಒಳ್ಳೆ ಹುಡುಗನ ಹಾಗೆ ಕೊಡವಿಯೇಬಿಟ್ಟರು, ಬೇಸಿನ್ನಿಗಲ್ಲ, ಹೊರಗಡೆಗೆ. ನೀರೆಲ್ಲ ಮ್ಯಾನೇಜರ್ ಮುಖಕ್ಕೆ. ಅವರೂ ಕಣ್ಣು ಮುಚ್ಚಿಕೊಂಡೇ ಡಬ್ಬಕ್ಕಾಗಿ ತಡಕಾಡಿದರು. ಅಜ್ಜಿ ಒಂದು ಪೇಪರು ಎಳೆದು ಸಾಹೇಬರಿಗೆ ಕೊಟ್ಟು, ಡಬ್ಬದ ಮೇಲೆ ಕೈಯಿಟ್ಟಳು.

"ಒಕ್ಕಟೇ, ಒಂದೇ ಪೇಪರು. ಇಬ್ಬರೂ ಅದ್ರಲ್ಲೇ ಒರೆಸ್ಕೊಳ್ಳಿ."

ನನ್ನ ಕಣ್ಣ ಮುಂದೆ ಲೋಡಿಂಗ್ ಶೆಡ್ಡು ಬಂದು ನಿಂತಿತು. ಸಾಹೇಬರು ಕೈ ಒರೆಸಿಕೊಂಡು ಅದೇ ಪೇಪರನ್ನು ಮ್ಯಾನೇಜರ್‌ಗೆ ಕೊಟ್ಟರು. ಮ್ಯಾನೇಜರ್ ಅದರಲ್ಲೇ ಮುಖ ಒರೆಸಿಕೊಂಡರು. ಇಲ್ಲಿ ಸೂಪರ್‌ವೈಸರ್ ಯಾರು ಎಂದು ಸಾಹೇಬರು ಕೇಳಿದರು. ನಾನು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಅಜ್ಜಿ, "ನಾನೇ" ಎಂದಳು.

ಸಾಹೇಬರು ಜೋರಾಗಿ ನಕ್ಕು, ಇಲ್ಲಿಂದ ಯಾರನ್ನೂ ಕದಲಿಸಬೇಡಿ ಎಂದು ಮ್ಯಾನೇಜರ್‌ಗೆ ಹೇಳಿ ಹೋದರು. ನನ್ನ ಸೊಂಟ ಉಳಿಯಿತು. ಸೂಪರ್‌ವೈಸರ್ ಯಾರು ಎಂದು ಮಾತ್ರ ಈಗ ನನ್ನನ್ನು ಕೇಳಬೇಡಿ; ಎರಡನೇ ಪೇಪರು ಬೇಕಾದರೆ ನಾನೂ ಅವಳನ್ನೇ ಕೇಳಬೇಕು.