ಮೊದಲ ಗೋಲಿಗೆ ಪಟಾಕಿ

ಫುಟ್‌ಬಾಲ್ ಕಲಿಸುವುದರಲ್ಲಿ ಕಷ್ಟವೇನಿದೆ? ಚೆಂಡಿದೆ, ಕಾಲಿದೆ, ನನ್ನ ಕೊರಳಲ್ಲಿ ಸೀಟಿಯಿದೆ. ಇಷ್ಟು ಅರ್ಹತೆಯ ಮೇಲೆ ನಾನು ಭಾರತೀನಗರದ ಆಲೆಮನೆ ಮಕ್ಕಳ ತಂಡಕ್ಕೆ ಕೋಚ್ ಆದೆ. ದೂರದ ಗಡಿನಾಡಿನಲ್ಲಿ ಗುಂಡು ಹಾರಿ, ಮನೆ ಸುಟ್ಟು, ನಿರಾಶ್ರಿತರಾಗಿ ಬಂದು ಇಲ್ಲಿ ಬೆಲ್ಲ ಕಾಯಿಸುವವರ ಮಕ್ಕಳು. ಹನ್ನೊಂದು ಜನ. ತಾಯಂದಿರು ನನ್ನನ್ನು ನಂಬಿ ಕಳಿಸಿದ್ದರು. ನನ್ನನ್ನು!

ಮದ್ದೂರಿನ ಹತ್ತಿರ ಮೊದಲ ಪಂದ್ಯ. ನಮ್ಮ ಕಡೆ ಪಂಚಾಯ್ತಿ ಸೀಟು ಗೆಲ್ಲಲಿ, ಎತ್ತಿನಗಾಡಿ ಓಟ ಗೆಲ್ಲಲಿ, ಪಟಾಕಿ ಸರ ಹಚ್ಚದೆ ಗೆದ್ದಂತಾಗುವುದಿಲ್ಲ. ಈ ಮಕ್ಕಳ ಮರ್ಯಾದೆಗೂ ಕಡಿಮೆಯಾಗಬಾರದೆಂದು ಉದ್ದನೆಯ ಸರವೊಂದನ್ನು ಗುಟ್ಟಾಗಿ ತಂದಿದ್ದೆ.

ಹನ್ನೆರಡು ವರ್ಷದ ನೆಮ್ ಗೋಲು ಹೊಡೆದಳು. ಎಡಗಾಲಲ್ಲೋ ಬಲಗಾಲಲ್ಲೋ, ಆಣೆ ಮಾಡಿ ಹೇಳಲಾರೆ. ನಾನು ಬಗ್ಗಿ ಬತ್ತಿ ಹಚ್ಚುತ್ತಿದ್ದೆ.

ಢಂ! ಢಮಢಮಢಂ!

ಹೊಗೆ ಕರಗಿತು. ಮೈದಾನದಲ್ಲಿ ನನ್ನ ತಂಡವೇ ಇರಲಿಲ್ಲ! ಪಕ್ಕದ ಗದ್ದೆಯ ಕಬ್ಬಿನ ಗರಿಗಳು ಮಾತ್ರ ಅಲುಗಾಡುತ್ತಿದ್ದವು.

ಹೆಂಡತಿ ರತ್ನ ಓಡಿಬಂದಳು. "ಗುಂಡಿನ್ ಸಬ್ದಕ್ಕೆ ಊರು ಬುಟ್ಟು ಬಂದ ಮಕ್ಳ ಮುಂದೆ ಪಟಾಕಿ ಹಚ್ಚಿದ್ರಲ್ರೀ! ತಲೇಲಿ ಏನೈತೆ ನಿಮ್ಗೆ?"

ಗದ್ದೆಯ ಯಜಮಾನ ಸಿದ್ದಣ್ಣ ಸಮಾಧಾನ ಹೇಳಿದ: "ಎದ್ರುಕೋಬ್ಯಾಡಿ ಮೇಸ್ಟ್ರೇ. ಮೊನ್ನೆ ಇಲ್ಲಿ ಚಿರತೆ ಕಂಡಿತ್ತು, ಅಷ್ಟೇಯ."

ಅಷ್ಟು ದೂರದಿಂದ ಬದುಕಿಸಿಕೊಂಡು ತಂದ ಮಕ್ಕಳನ್ನು ಒಂದು ಕಡ್ಡಿ ಗೀರಿ ಕಳೆದೆನೆಂದು ಆ ತಾಯಂದಿರಿಗೆ ಹೇಗೆ ಹೇಳಲಿ?

ಮುಂದಿನದಕ್ಕೆ ನನ್ನ ನೆನಪನ್ನು ನಂಬಬೇಡಿ. ನಾನು ಕಬ್ಬಿನೊಳಗೆ ನುಗ್ಗಿದೆನೆಂದು ಅದು ಹೇಳುತ್ತದೆ. "ನಾನು ತಳ್ಳಿದ್ದಕ್ಕೆ ಒಳಕ್ಕೆ ಬಿದ್ರಿ" ಎನ್ನುತ್ತಾಳೆ ರತ್ನ.

ಹತ್ತು ಹೆಜ್ಜೆಗೆ ದಿಕ್ಕು ತಪ್ಪಿತು. ಗರಿ ಮುಖ ಕುಯ್ದಿತು. ಒಬ್ಬೊಬ್ಬರ ಹೆಸರು ಕೂಗಿದೆ. ಬೆನ್ನ ಹಿಂದೆ ಏನೋ ಸರಕ್ಕೆಂದಿತು. ನಿಂತೆ. ಅದೂ ನಿಂತಿತು. ಹೆಸರುಗಳನ್ನು ಬಿಟ್ಟು ಬರೀ ಕೂಗಿದೆ!

ಗರಿ ಸರಿಸಿ ನೆಮ್ ಬಂದಳು. ಅವಳ ಹಿಂದೆ ಬಿಳಿಚಿದ ಹತ್ತು ಮುಖಗಳು. ಅವಳು ನನ್ನ ಬಾಯಿಗೆ ಕೈ ಅಡ್ಡವಿಟ್ಟಳು.

"ಕೂಗ್ಬ್ಯಾಡಿ ಸಾ," ಇಲ್ಲಿ ಕಲಿತ ಕನ್ನಡದಲ್ಲಿ ಪಿಸುಗುಟ್ಟಿದಳು. "ಗುಂಡು ಹೊಡ್ದೋರು ಇನ್ನೂ ಅಲ್ಲೇ ಅವ್ರೆ."

"ಅಲ್ಲಿಲ್ಲ ಕಣವ್ವ," ಎಂದೆ. "ಇಲ್ಲೇ ಅವ್ನೆ." ನನ್ನ ಎದೆಯನ್ನೇ ಮುಟ್ಟಿ ತೋರಿಸಿದೆ.

ಗುಂಡಲ್ಲ, ಪಟಾಕಿಯೆಂದು ಒಪ್ಪಿಕೊಂಡೆ; ಹನ್ನೊಂದು ಜೊತೆ ಕಣ್ಣುಗಳು ನನ್ನತ್ತ ತಿರುಗಿದವು. ನೆಮ್ ಕೈ ಚಾಚಿದಳು. ಬೆಂಕಿಪೊಟ್ಟಣ ಕೊಟ್ಟೆ. ಆರೋಪಿಯನ್ನು ಕರೆತರುವಂತೆ ನನ್ನನ್ನು ಸಾಲಿನ ನಡುವೆ ಹಾಕಿಕೊಂಡು ಹೊರಗೆ ಕರೆತಂದರು.

ಮತ್ತೆ ಆಡಲು ಅವರದು ಒಂದೇ ಷರತ್ತು: ಕೋಚ್ ಮೈದಾನದ ಗೇಟಿನಾಚೆ ಕೂರಬೇಕು. ಕೂತೆ. ಅವರು ಇನ್ನೊಂದು ಗೋಲು ಹೊಡೆದರು. ಚಪ್ಪಾಳೆ ತಟ್ಟಿದೆ. ಸದ್ದಾಗದಂತೆ.