ಸ್ಯಾಂಪಲ್ಲಿನ ಅಳಿಯ

ಉಣಕಲ್ಲಿನ ಮೆಣಸಿನಕಾಯಿ ವ್ಯಾಪಾರಿ ಶಂಭುಲಿಂಗ ಈಗ ತಲೆ ತಗ್ಗಿಸಿ ಉಣ್ಣುತ್ತಾನೆ. ಪಲ್ಯಕ್ಕೆ ಉಪ್ಪೇ ಬೀಳದಿದ್ದರೂ ‘ಛಲೋ ಆಗೇದ’ ಎನ್ನುತ್ತಾನೆ. (ಮೊದಲು ಉಪ್ಪು ಚೂರು ಕಡಿಮೆಯಾದರೂ ಇದೇ ಗಂಡಸು ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ.)

ಇದಕ್ಕೆಲ್ಲ ಕಾರಣ ಲಾರಿ ಓಡಿಸುವ ಒಂದು ವಿಡಿಯೊ ಗೇಮ್. ಅದಕ್ಕೆಂದು ತಂದ ಹೊಸ ಕಂಪ್ಯೂಟರಿನೊಳಗೆ ಕೃತಕ ಬುದ್ಧಿಮತ್ತೆಯೆಂಬ ಚಿತ್ರಕಾರ ಕುಳಿತಿದ್ದ. ಆಟ ನಡೆದಂತೆಯೇ, ರೆಪ್ಪೆ ಬಡಿಯುವುದರೊಳಗೆ, ಪ್ರತಿ ದೃಶ್ಯವನ್ನೂ ಹೊಸದಾಗಿ ಬರೆದು ಚೆಂದ ಮಾಡುತ್ತಿದ್ದ. ಕೆಸರು ರಸ್ತೆಗೆ ಡಾಂಬರು, ಒಣಗಿದ ಬೇವಿಗೆ ಚಿಗುರು. ಶಂಭುಲಿಂಗ ಡ್ರೈವರನಿಗೆ ತನ್ನ ಫೋಟೊ, ಪಕ್ಕದ ಸೀಟಿಗೆ ಹೆಂಡತಿ ಸೌಮ್ಯಾಳ ಫೋಟೊ ಹಾಕಿದ. ಲಾರಿ ಹೊರಟಿತು. ಪಕ್ಕದಲ್ಲಿ ಹಾಲಿನ ಬಣ್ಣದ, ಸಂಪಿಗೆ ಮೂಗಿನ ಸುಂದರಿಯೊಬ್ಬಳು ನಗುತ್ತ ಕುಳಿತಿದ್ದಳು.

“ಹೇಣ್ತಿ ಅಂದ್ರ ಹಿಂಗಿರಬೇಕು ನೋಡು,” ಎಂದ ತನ್ನಷ್ಟಕ್ಕೆ.

ಸೌಮ್ಯಾ ಚಹಾ ಹಿಡಿದು ಹಿಂದೆಯೇ ನಿಂತಿದ್ದಳು.

“ಹಂಗಾದ್ರ ಚಹಾನೂ ಆಕಿನ್ನ ಕೇಳ್ರಿ,” ಎಂದು ಕಪ್ಪನ್ನು ತಾನೇ ಬಾಯಿಗಿಟ್ಟಳು.

“ಏ, ಅದು ಮಷಿನ್ ತಿದ್ದಿದ್ದು. ನಾ ಏನ್ ಹೇಳಿಲ್ಲ ಅದಕ್ಕ.”

“ತಿದ್ದಿದ್ದು ಮಷಿನ್. ಮೆಚ್ಚಿದವ್ರು ಯಾರು?”

ಅಂದು ಮಧ್ಯಾಹ್ನ ಧಾರವಾಡದಲ್ಲಿ ನೆಂಟರ ಮದುವೆ. ಇಬ್ಬರೂ ಸ್ಕೂಟರಿನಲ್ಲಿ ಹೋಗುವುದೆಂದು ಮಾತಾಗಿತ್ತು.

“ಆಕಿನ್ನ ಕೂಡಿಸ್ಕೊಂಡು ಹೋಗ್ರಿ. ನಾ ಅವ್ವನ್ನ ಕರ್ಕೊಂಡು ಬಸ್ಸಿಗೆ ಹೊಕ್ಕೇನಿ.”

ನೆಂಟರೆಲ್ಲರ ಎದುರು ಒಬ್ಬನೇ ಹೋಗಿ ಇಳಿಯುವುದೆಂದರೆ ಮಾನದ ಹರಾಜು. ಶಂಭುಲಿಂಗ ರಾಜಿಗೆ ಇಳಿದ. “ನನ್ನೂ ತಿದ್ದೇತಿ, ಬೇಕಾದ್ರ ನೋಡು,” ಎಂದು ಡ್ರೈವರನ ಮುಖವನ್ನು ದೊಡ್ಡದು ಮಾಡಿ ತೋರಿಸಿದ. ಬೋಳು ನೆತ್ತಿಯ ಮೇಲೆ ಗುಂಗುರು ಕೂದಲು, ಹೊಟ್ಟೆ ಮಂಗಮಾಯ.

ಜಗಳದ ಸದ್ದಿಗೆ, ಮದುವೆಗೆಂದು ಬಂದಿದ್ದ ಸೌಮ್ಯಾಳ ತಾಯಿ ಶಿವಬಸವ್ವ ಚಷ್ಮಾ ಏರಿಸಿಕೊಂಡು ಬಂದರು. ಪರದೆಯನ್ನು ದಿಟ್ಟಿಸಿದರು.

“ಈ ಹುಡುಗನ್ನ ಎಲ್ಲೋ ನೋಡೇನಿ.”

“ನಾನ ರೀ, ಅತ್ತಿ.”

“ನೀವಲ್ಲ ಬಿಡ್ರಿ. ಹಾಂ, ನೆನಪಾತು. ಸಂಬಂಧ ಕೇಳಾಕ ನಿಮ್ಮ ಮಂದಿ ಕಳಿಸಿದ್ದ ಫೋಟೊದಾಗ ಇದ್ದಾನಲ್ಲ, ಇವನ ಅಂವ. ನಾವು ಒಪ್ಪಿದ್ದು ಇವನ್ನ.”

ಶಂಭುಲಿಂಗ ಪರದೆಯ ಮೇಲಿನ ಮುಖವನ್ನು ಮತ್ತೆ ಚಿಕ್ಕದು ಮಾಡಿದ. ಆ ಫೋಟೊ ತೆಗೆಸುವ ಕಾಲಕ್ಕೇ ಅವನ ನೆತ್ತಿ ಬಯಲಾಗಿತ್ತು. ಸ್ಟುಡಿಯೋದವನನ್ನು ಗೋಗರೆದು ಫೋಟೊದ ಮೇಲೆ ಕುಂಚದಿಂದ ಕೂದಲು ನೆಡಿಸಿದ್ದ. ತನ್ನ ಮದುವೆಯಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೂ ಪೇಟ ತೆಗೆದಿರಲಿಲ್ಲ.

“ಯವ್ವಾ, ಇವರ ಅಂಗಡ್ಯಾಗ ಬೋರ್ಡ್ ಐತಿ,” ಎಂದಳು ಸೌಮ್ಯಾ. “ಸ್ಯಾಂಪಲ್ಲಿಗೆ ಹೊಂದದ ಮಾಲು ವಾಪಸ್, ಅಂತ.”

“ಇಷ್ಟು ವರ್ಷ ವಾಪರಿಸಿ ಹಳೇದು ಮಾಡಿದ ಮ್ಯಾಲ ಯಾರು ತಗೋತಾರವಾ,” ಎಂದು ಶಿವಬಸವ್ವ ಸೀರೆ ಉಡಲು ಒಳಗೆ ಹೋದರು.

ಧಾರವಾಡದ ರಸ್ತೆಯಲ್ಲಿ ಅವನ ಸ್ಕೂಟರನ್ನು ಬಸ್ಸೊಂದು ಹಿಂದೆ ಹಾಕಿತು. ಕಿಟಕಿಯಲ್ಲಿ ತಾಯಿ, ಮಗಳು. ಶಂಭುಲಿಂಗ ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಂಡ.

ಕಲ್ಯಾಣ ಮಂಟಪದಲ್ಲಿ ಅಕ್ಕಿಕಾಳು ಬೀಳುವವರೆಗೂ ಹೆಲ್ಮೆಟ್ ತೆಗೆಯಲಿಲ್ಲ.