ನನ್ನ ಲ್ಯಾಪ್‌ಟಾಪಿಗೆ ಬಿಡುವಿಲ್ಲ

ರಿಪೇರಿಗೆ ಕೊಟ್ಟ ವಸ್ತು ಕೊಟ್ಟ ಹಾಗೆಯೇ ವಾಪಸು ಬರುತ್ತದೆ ಎಂದು ನಂಬುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯ ಮಿಕ್ಸಿ ಸರ್ವಿಸಿಗೆ ಹೋಗಿ ಬಂದಂದಿನಿಂದ ನಾನು ಚಟ್ನಿ ರುಬ್ಬುವುದು ಇಡೀ ಬೀದಿಗೆ ಗೊತ್ತಾಗುತ್ತದೆ. ಹೀಗಾಗಿ ಆಫೀಸಿನ ಲ್ಯಾಪ್‌ಟಾಪನ್ನು ಸರ್ವಿಸಿಗೆ ಕೊಡುವುದೆಂದರೆ ನನಗೆ ಮನಸ್ಸೇ ಬರುವುದಿಲ್ಲ. ಹೋದ ಸಲ ಕೊಟ್ಟಾಗ ನಾನು ಜೋಡಿಸಿಟ್ಟ ಫೈಲುಗಳೆಲ್ಲ, ನಾದಿನಿ ಬಂದುಹೋದ ಮೇಲೆ ಅಡುಗೆಮನೆಯ ಡಬ್ಬಿಗಳು ಸೇರಿಕೊಳ್ಳುವಂತೆ, ಎಲ್ಲೆಲ್ಲೋ ಸೇರಿಕೊಂಡಿದ್ದವು. ಈ ಸಲವಂತೂ ಅದರೊಳಗೆ ವರ್ಷದ ಸ್ಟಾಕ್ ವರದಿ ಅರ್ಧ ಮುಗಿದು ಕೂತಿತ್ತು. ಅದು ಕಾಣೆಯಾದರೆ ಗೋಡೌನಿನ ಮೆಟ್ಟಿಲುಗಳನ್ನು ಮತ್ತೆ ಹತ್ತಿಳಿಯಬೇಕಾದವಳು ನಾನು. ನನ್ನ ಮಂಡಿನೋವಿನ ಕಥೆ ಬೇರೆ ಹೇಳಬೇಕಿಲ್ಲ.

ರಾಜಾಜಿನಗರದ ನಮ್ಮ ಕಂಪನಿ ಆಸ್ಪತ್ರೆಯ ಮಂಚ, ಗಾಲಿಕುರ್ಚಿ ಮಾರುತ್ತದೆ. ಇತ್ತೀಚೆಗೆ ಅಲ್ಲಿ ಹೊಸ ಪದ್ಧತಿ ಬಂತು. ಸರ್ವಿಸಿಗೆ ಯಾರೂ ಯಾರನ್ನೂ ಕೇಳುವಂತಿಲ್ಲ. ಕಂಪ್ಯೂಟರೇ ಪ್ರತಿಯೊಬ್ಬರ ಕ್ಯಾಲೆಂಡರ್ ಇಣುಕಿ ನೋಡಿ, ಬಿಡುವು ಕಂಡ ಕಡೆ ಸಮಯ ಗೊತ್ತು ಮಾಡುತ್ತದೆ. ಆ ಹೊತ್ತಿಗೆ ಸರಿಯಾಗಿ ಸರ್ವಿಸಿನ ಬಸವರಾಜ್ ಬಂದು ಮೆಷಿನ್ ಎತ್ತಿಕೊಂಡು ಹೋಗುತ್ತಾರೆ. ಗದಗದ ಕಡೆಯವರು, ಬಲು ಸಭ್ಯಸ್ಥರು. ಆದರೂ ಅವರ ನೆರಳು ಕಂಡರೆ ನನಗೆ ಭಯ. ಬಿಡುವಿದ್ದರೆ ತಾನೆ ಬರುವುದು ಎಂದುಕೊಂಡು ನಾನು ನನ್ನ ಕ್ಯಾಲೆಂಡರನ್ನು ವಾರಪೂರ್ತಿ ‘ಪರಿಶೀಲನಾ ಸಭೆ’ ಎಂದು ತುಂಬಿಸಿಬಿಟ್ಟೆ. ಆ ಸಭೆಗೆ ನಾನೊಬ್ಬಳೇ.

ನಮ್ಮಲ್ಲಿ ಒಬ್ಬರ ಕ್ಯಾಲೆಂಡರ್ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಮರೆತಿದ್ದೆ. ಪಕ್ಕದ ಸೀಟಿನ ನಾಗರತ್ನ ಮಧ್ಯಾಹ್ನ ಡಬ್ಬಿ ತೆಗೆಯುವ ಹೊತ್ತಿಗೆ ಮುಖ ದಪ್ಪ ಮಾಡಿಕೊಂಡಿದ್ದರು. “ಅಲ್ರೀ ಸುಮಾ, ದಿನಾ ಮೀಟಿಂಗ್ ಇಟ್ಕೊಂಡಿದೀರ. ನಮ್ಮನ್ನ ಒಂದು ಮಾತು ಕರೀಬಾರ್ದಾ?”

ಕರೆಯದಿರುವುದರ ಕಷ್ಟ ನನಗೆ ಗೊತ್ತು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿದಾಗ ಮಹಡಿಯ ಬಾಡಿಗೆಯವರನ್ನು ಕರೆಯಲು ಮರೆತದ್ದಕ್ಕೆ ಅವರು ವರ್ಷವಿಡೀ ನಮ್ಮ ಗೇಟನ್ನು ಧಡಾರೆಂದು ಹಾಕುತ್ತಿದ್ದರು. ಆ ಗೇಟಿನ ಸದ್ದು ಕಿವಿಯಲ್ಲಿ ಗುಂಯ್ ಎಂದಿತು. “ಅಯ್ಯೋ, ನಿಮ್ಮನ್ನ ಬಿಟ್ಟು ಮೀಟಿಂಗಾ? ಬನ್ನಿ ಬನ್ನಿ” ಎಂದೆ. ಅವರನ್ನು ಕರೆದ ಮೇಲೆ ಸೇಲ್ಸಿನವರನ್ನು ಬಿಡಲಾದೀತೆ? ಸೇಲ್ಸಿನವರು ಬರುತ್ತಾರೆಂದು ತಿಳಿದು ಮ್ಯಾನೇಜರ್ ಶಿವಪ್ರಸಾದ್ ಅವರೇ ಬಂದು ಕುರ್ಚಿ ಎಳೆದುಕೊಂಡು ಕೂತರು.

“ಏನಮ್ಮಾ ಪರಿಶೀಲನೆ ಮಾಡ್ತಾ ಇದೀರ?” ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಲ್ಯಾಪ್‌ಟಾಪ್ ಸರ್ವಿಸ್ ಯಾಕೆ ಸರಿಯಾಗಿ ನಡೀತಿಲ್ಲ ಅಂತ, ಸಾರ್.”

ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಕಾಫಿ ತರಿಸಿದರು. “ಇಷ್ಟು ಕಾಳಜಿ ಇರೋರು ನೀವೊಬ್ರೇ. ಇನ್ಮೇಲೆ ಇದರ ಜವಾಬ್ದಾರಿ ಪೂರ್ತಿ ನಿಮ್ಮದೇ. ಈ ಮೀಟಿಂಗ್ ಮಾತ್ರ ನಿಲ್ಲಿಸ್ಬೇಡಿ” ಎಂದರು. ಅಂದಿನಿಂದ ಸಭೆ ದಿನವೂ ನಡೆಯತೊಡಗಿತು. ಸರ್ವಿಸ್ ಬಗ್ಗೆ ನಾನು ಮಾತಾಡುತ್ತಿದ್ದೆ, ಉಳಿದವರು ಚಕ್ಕುಲಿ ತಿನ್ನುತ್ತಿದ್ದರು. ನನ್ನ ವರದಿ ಅಂಗುಲವೂ ಮುಂದೆ ಹೋಗಲಿಲ್ಲ.

ಮೊನ್ನೆ ಸಭೆಯ ನಡುವೆ ನನ್ನ ಲ್ಯಾಪ್‌ಟಾಪ್ ಒಮ್ಮೆ ನಿಟ್ಟುಸಿರುಬಿಟ್ಟು ಕಪ್ಪಗಾಯಿತು. ಒತ್ತಿದೆ, ಬಡಿದೆ, ಹೆಸರಿಟ್ಟು ಕರೆದೆ. ಒಳಗೆ ಅರ್ಧ ವರದಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಬಸವರಾಜ್ ಅವರನ್ನು ಕರೆಸಿದೆವು. ಅವರು ತಿರುಗಿಸಿ ಮುರುಗಿಸಿ ನೋಡಿದರು.

“ಸರ್ವಿಸ್ ಇಲ್ದ ಹಿಂಗಾಗೇತ್ರೀ ಮೇಡಂ. ಒಯ್ಯೂಣಂದ್ರ ನಿಮ್ಮ ಕ್ಯಾಲೆಂಡರ್‌ನಾಗ ಜಾಗಾನ ಇಲ್ಲ.”

“ಈಗ್ಲೇ ತಗೊಂಡ್ಹೋಗಿ ಮಾರಾಯ್ರೇ!”

“ಮೀಟಿಂಗ್ ಇದ್ದಾಗ ಮುಟ್ಟಬಾರ್ದಂತ ರೂಲ್ ಐತ್ರಿ. ಜವಾಬ್ದಾರಿ ಇದ್ದೋರು ಒಪ್ಪಿದ್ರ ಒಯ್ಯಬೌದು.”

“ಯಾರ್ರೀ ಅವ್ರು? ಕಾಲಿಗೆ ಬೇಕಾದ್ರೂ ಬೀಳ್ತೀನಿ.”

ಬಸವರಾಜ್ ಮೆಲ್ಲಗೆ ಕೆಮ್ಮಿದರು. “ನೀವ ಅಲ್ಲೇನ್ರೀ ಮೇಡಂ?”

ನನ್ನ ಕಾಲಿಗೆ ನಾನೇ ಬೀಳಲು ಮಂಡಿ ಬಿಡದು. ಸುಮ್ಮನೆ ಒಪ್ಪಿಗೆ ಕೊಟ್ಟೆ. ಮೆಷಿನ್ ಹೋಯಿತು. ವರದಿ ಉಳಿದಿದೆಯೋ ಇಲ್ಲವೋ, ಅವರು ಇನ್ನೂ ಹೇಳಿಲ್ಲ. ನಾನೀಗ ಖಾಲಿ ಮೇಜಿನ ಮುಂದೆ, ಮಾಡಲು ಏನೊಂದೂ ಕೆಲಸವಿಲ್ಲದೆ, ಬಾಗಿಲ ಕಡೆ ನೋಡುತ್ತಾ ಕೂತಿದ್ದೇನೆ. ಯಾರಾದರೂ ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದೇನೆ ಎನ್ನುತ್ತೇನೆ.